ಪೋಸ್ಟರಿನ ಬುಡದಲ್ಲಿ ಇಲ್ಲದ ಲೇಬಲ್

ಅವಳ ಪೋಸ್ಟರು ನಾಸಿಕಕ್ಕೆ ಬಂದ ದಿನ ನನಗೆ ಊಟ ಸೇರಲಿಲ್ಲ. ಈಗ ಮುಚ್ಚಿಟ್ಟು ಏನು ಪ್ರಯೋಜನ? ಹೊಟ್ಟೆಕಿಚ್ಚು, ಅಷ್ಟೇ.

ನಾನು ಧಾರವಾಡದ ಕಡೆಯವಳು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕಕ್ಕೆ ಬಂದವಳು, ಮೂರು ವರ್ಷಕ್ಕೆ ಮರಳುತ್ತೇನೆ ಎಂದುಕೊಂಡು, ಮಕ್ಕಳು ಮರಾಠಿಯಲ್ಲೇ ಜಗಳಾಡುವಷ್ಟು ಕಾಲ ಇಲ್ಲೇ ಉಳಿದುಬಿಟ್ಟೆ. ನಮ್ಮ ನೌಕರರ ಸಂಘದಲ್ಲಿ ನನ್ನದು ಒಂದೇ ಕೆಲಸ: ಲೋಗೋ ಕಾಯುವುದು. ನಗಬೇಡಿ. ಎರಡು ಕೈ, ನಡುವೆ ಒಂದು ದೀಪ. ಅದನ್ನು ಎಲ್ಲಿ ಬೇಕಾದರೂ ಅಂಟಿಸಲು ಜನ ತುದಿಗಾಲಲ್ಲಿ ನಿಂತಿರುತ್ತಾರೆ. ಒಬ್ಬರಿಗೆ ಮಗನ ಮದುವೆ ಕಾರ್ಡಿನ ಮೇಲೆ ಬೇಕು, ಇನ್ನೊಬ್ಬರಿಗೆ ಹೆಂಡತಿಯ ಟ್ಯೂಷನ್ ಕ್ಲಾಸಿನ ಬೋರ್ಡಿನ ಮೇಲೆ. "ಲೋಗೋ ಸಂಘದ್ದು, ನಿಮ್ಮ ಮನೆಯದ್ದಲ್ಲ" ಎಂದು ಮುಖಕ್ಕೇ ಹೇಳಿ ಕಳಿಸಿದ್ದೇನೆ. ನಾಸಿಕದಲ್ಲಿ ನನ್ನ ಸಹಿ ಇಲ್ಲದೆ ಆ ದೀಪ ಯಾವ ಕಾಗದದ ಮೇಲೂ ಉರಿಯುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಹಿರಿಯರು ಹಾಕಿಕೊಟ್ಟದ್ದು. ನಮ್ಮ ಕರಪತ್ರಗಳನ್ನು ಕೆಲಸಗಾರರ ಸಂಘ ಇರುವ ಪ್ರೆಸ್ಸಿನಲ್ಲೇ ಮಾಡಿಸಬೇಕು. ಅಂಥ ಪ್ರೆಸ್ಸಿನವರು ಕಾಗದದ ಬುಡದಲ್ಲಿ, ಕಡಲೆಕಾಳಿನಷ್ಟು ಚಿಕ್ಕದಾಗಿ, ತಮ್ಮ ಸಂಘದ ಲೇಬಲ್ ಹಾಕುತ್ತಾರೆ. ಇದನ್ನು ಮುದ್ರಿಸಿದವರಿಗೂ ಒಂದು ಸಂಘವಿದೆ ಎಂದು ಅದರ ಅರ್ಥ.

ಇದನ್ನೆಲ್ಲ ಅವಳಿಗೆ ಕಲಿಸಿದವಳೇ ನಾನು. ವಿಜಯಪುರದ ಹುಡುಗಿ, ಮೊದಲ ಪೋಸ್ಟಿಂಗೇ ನಮ್ಮ ಶಾಖೆಗೆ. "ಅಕ್ಕಾರ, ಅಕ್ಕಾರ" ಎನ್ನುತ್ತ ಎರಡು ವರ್ಷ ನನ್ನ ಹಿಂದೆಯೇ ಓಡಾಡಿದಳು. ಲೋಗೋ ಇದ್ದ ನನ್ನ ಪೆನ್‌ಡ್ರೈವ್ ಹಿಡಿದುಕೊಂಡು ಪ್ರಿಂಟಿಂಗ್ ಅಂಗಡಿಗೆ ಹೋಗಿಬರುತ್ತಿದ್ದವಳೂ ಅವಳೇ. ಆಮೇಲೆ ಸಂಭಾಜಿನಗರಕ್ಕೆ ವರ್ಗವಾಯಿತು. ವರ್ಷ ತುಂಬುವುದರೊಳಗೆ ಅಲ್ಲಿಯ ಘಟಕದ ಕಾರ್ಯದರ್ಶಿ! ಫೋನಿನಲ್ಲಿ ಒಮ್ಮೆ ಮಾತಾಡಿದ ನನ್ನ ಗಂಡ ಕೂಡ "ಭಾಳ ಶಾಣ್ಯಾಕಿ ಅದಾಳ" ಅಂದರು. ನನ್ನನ್ನು ಅವರು ಎಂದಾದರೂ ಹಾಗೆ ಅಂದದ್ದುಂಟೇ?

ಎರಡೂ ಜಿಲ್ಲೆಗಳ ಅಧಿವೇಶನ ಈ ಸಲ ಸಂಭಾಜಿನಗರದಲ್ಲಿ. ಇನ್ನು ಮುಂದೆ ಎರಡೂ ಕಡೆಯ ಲೋಗೋ, ಮುದ್ರಣ ಎಲ್ಲ ಒಬ್ಬರ ಕೈಯಲ್ಲೇ ಇರಬೇಕೆಂದು ಅಲ್ಲಿ ತೀರ್ಮಾನವಾಗುವುದಿತ್ತು. ಆ ಒಬ್ಬರು ಯಾರು? ನಾನು ಎಂದೇ ನಾನು ತಿಳಿದಿದ್ದೆ, ಅವಳ ಪೋಸ್ಟರು ಬರುವ ತನಕ. ಅದರ ಅಂಚಿಗೆ ಯೇವಲಾದ ಪೈಠಣಿ ಸೀರೆಯ ನವಿಲುಗಳು, ನಡುವೆ ನಮ್ಮ ದೀಪ. ಶಾಖೆಯವರೆಲ್ಲ ಗೋಡೆಯ ಮುಂದೆ ನಿಂತುಬಿಟ್ಟರು. ನಮ್ಮ ಕ್ಯಾಷಿಯರ್ ನನ್ನ ಕಡೆ ತಿರುಗಿ, "ಅಸ ಪಾಹಿಜೆ ಮ್ಯಾಡಮ್, ಹೀಗಿರಬೇಕು ನೋಡಿ" ಅಂದ. ಅವನ ನಾಲಿಗೆ ಬಿದ್ದುಹೋಗಲಿ ಎಂದುಕೊಂಡೆ.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ, ಕನ್ನಡಕ ಒರೆಸಿಕೊಂಡು ತಪ್ಪು ಹುಡುಕಿದೆ. ಲೋಗೋದ ಅಳತೆ ಸರಿ, ಬಣ್ಣ ಸರಿ, ಅಕ್ಷರ ಅದರ ಮೇಲೆ ಹಾಯ್ದಿಲ್ಲ. ಎಲ್ಲ ನಾನು ಕಲಿಸಿದ ಹಾಗೆಯೇ, ಹಾಳಾದ್ದು. ಕೊನೆಗೆ ಬುಡ ನೋಡಿದೆ. ಪ್ರೆಸ್ಸಿನ ಹೆಸರಿತ್ತು, ಲೇಬಲ್ ಇರಲಿಲ್ಲ. ಸಿಕ್ಕಿಬಿದ್ದಳು! ಅಂದು ಮಧ್ಯಾಹ್ನ ಎರಡು ಚಪಾತಿ ಹೆಚ್ಚಿಗೆ ತಿಂದೆ.

ಅಧಿವೇಶನಕ್ಕೆ ಬಸ್ಸಿನಲ್ಲಿ ಹೊರಟಾಗ ಪೋಸ್ಟರು ಸುರುಳಿಯಾಗಿ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಭಾಷಣ ಉರು ಹೊಡೆದೆ. ಯೇವಲಾದಲ್ಲಿ ಸೀರೆ ಅಂಗಡಿಗಳ ಬೋರ್ಡಿನ ಮೇಲಿನ ನವಿಲುಗಳನ್ನು ಕಂಡರೂ ಮೈಯುರಿಯಿತು. ಹಾಲ್ ಮುಟ್ಟಿದಾಗ ಅವಳೇ ಓಡಿಬಂದು ನನ್ನ ಚೀಲ ಇಸಿದುಕೊಂಡಳು.

"ಆರಾಮ ಬಂದ್ರಿ ಅಕ್ಕಾರ? ನಿಮಗಂತ ಉಡುಪಿ ಹೋಟೆಲಿಂದ ಉಪ್ಪಿಟ್ಟು ತರಿಸಿ ಇಟ್ಟೇನ್ರಿ, ಮೊದಲ ನಾಷ್ಟಾ ಮಾಡ್ರಿ."

ತಿಂದೆ. ಅವಳ ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು, ಸಭೆಯಲ್ಲಿ ಎದ್ದುನಿಂತು ಅವಳ ಪೋಸ್ಟರನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ನವಿಲು ನೋಡಿ ಮರುಳಾಗಬೇಡಿ, ಬುಡ ನೋಡಿ ಅಂದೆ. ಲೇಬಲ್ ಇಲ್ಲದ ಕಾಗದದ ಮೇಲೆ ನಮ್ಮ ಲೋಗೋ ಬಂದದ್ದು ಇದೇ ಮೊದಲು, ಇಂಥವರ ಕೈಗೆ ಅದನ್ನು ಕೊಡುವುದು ಹೇಗೆ ಅಂದೆ.

ಅವಳು ನಿಧಾನವಾಗಿ ಎದ್ದು ಮರಾಠಿಯಲ್ಲಿ ಹೇಳಿದಳು. ಪೋಸ್ಟರು ಮುದ್ರಿಸಿದ ಈ ಊರಿನ ಪ್ರೆಸ್ಸಿನ ಕೆಲಸಗಾರರು ಈ ವರ್ಷ ತಮ್ಮ ಸಂಘ ಬಿಟ್ಟಿದ್ದಾರೆ, ಸಂಘವಿರುವ ಬೇರೆ ಪ್ರೆಸ್ ಸಿಗಲಿಲ್ಲ. "ಲೇಬಲ್ ಆ ಕೆಲಸಗಾರರದು, ನಮ್ಮದಲ್ಲ. ಅವರಿಗೇ ಹಾಕುವ ಹಕ್ಕಿಲ್ಲ ಅಂದಮೇಲೆ ನಾನು ಹೇಗೆ ಹಾಕಲಿ? ಸುಳ್ಳು ಬೇಡ ಅಂತ ಖಾಲಿ ಬಿಟ್ಟೆ." ಅಧ್ಯಕ್ಷರು ತಲೆಯಾಡಿಸಿದರು. ಅವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದಳಂತೆ.

ಆಮೇಲೆ ಅಧ್ಯಕ್ಷರು ನಮ್ಮ ನಾಸಿಕದ ಕರಪತ್ರವೊಂದನ್ನು ಎತ್ತಿಕೊಂಡು, "ಇದರಲ್ಲಿ ಲೇಬಲ್ ಇದೆಯಲ್ಲ. ಹಾಗಾದರೆ ನಾಸಿಕದಲ್ಲಿ ಇನ್ನೂ ಅಂಥ ಪ್ರೆಸ್ ಇದೆ. ಯಾವುದದು?" ಎಂದು ಕೇಳಿದರು.

ಲೇಬಲ್ ಹಾಕುತ್ತಿದ್ದ ಆ ಪ್ರೆಸ್ ಮುಚ್ಚಿ ವರ್ಷಗಳೇ ಆಗಿದ್ದವು. ಮುಚ್ಚಿದಾಗ ನಾನು ಹಳೆಯ ಕರಪತ್ರವೊಂದನ್ನು ಸ್ಕ್ಯಾನ್ ಮಾಡಿಸಿ, ಮೇಲಿನ ಲೋಗೋ, ಕೆಳಗಿನ ಲೇಬಲ್ ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಅಂದಿನಿಂದ ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಯೊಂದರಲ್ಲಿ ಪ್ರಿಂಟು. ಯಾವ ಸಂಘ, ಎಲ್ಲಿಯ ಸಂಘ! ಆ ಲೇಬಲ್ಲೂ ನಮ್ಮದೇ ಎಂಬಂತೆ ಒತ್ತಿಸುತ್ತಲೇ ಬಂದಿದ್ದೆ, ಒಮ್ಮೆಯೂ ಯೋಚಿಸದೆ. ನಮ್ಮ ಲೋಗೋ ಕದಿಯುವವರನ್ನು ಬೈಯುತ್ತಿದ್ದವಳು ಇನ್ನೊಬ್ಬರದನ್ನು ಕದ್ದಿದ್ದೆ.

ಅವಳಿಗೆ ಅದು ಗೊತ್ತಿತ್ತು. ಆ ಪೆನ್‌ಡ್ರೈವ್ ಹಿಡಿದು ಆ ಅಂಗಡಿಗೇ ಹೋಗುತ್ತಿದ್ದವಳಲ್ಲವೇ? ನನ್ನ ಮುಖ ನೋಡಿದಳು. ಆಮೇಲೆ ಅಧ್ಯಕ್ಷರಿಗೆ, "ಆ ಪ್ರೆಸ್ ನಮಗೆ ದೂರ ಆಗುತ್ತೆ ಸಾಹೇಬ್, ಬಿಡಿ" ಅಂದಳು. ನನಗೆ ಮಾತ್ರ ಕೇಳುವಂತೆ, "ಕೂಡ್ರಿ ಅಕ್ಕಾರ, ಆತು" ಅಂದಳು.

ನಾನು ಕೃತಜ್ಞಳಾಗಬೇಕಿತ್ತು. ಆಗಲಿಲ್ಲ, ಉರಿದುಹೋದೆ. ನವಿಲು ಅವಳದು, ಹೊಗಳಿಕೆ ಅವಳದು, ಈಗ ನನ್ನನ್ನು ಕಾಪಾಡಿದ ದೊಡ್ಡಸ್ತಿಕೆಯೂ ಅವಳದೇ ಆಗಬೇಕೇ? ಅದೊಂದನ್ನು ಕೊಡಲಾರೆ ಅನಿಸಿತು. ಕೂರದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಯಾರೋ ಹಿರಿಯರು ಚಪ್ಪಾಳೆ ತಟ್ಟಿ, ಇದಕ್ಕೆ ಧೈರ್ಯ ಬೇಕು ಅಂದರು. ಧೈರ್ಯ ಅಂತೆ!

ಲೋಗೋ ಅವಳ ಪಾಲಾಯಿತು. ಬಸ್ ನಿಲ್ದಾಣದವರೆಗೂ ಕಳಿಸಲು ಬಂದವಳ ಕೈಗೆ ಪೆನ್‌ಡ್ರೈವ್ ಕೊಟ್ಟೆ. ಅವಳು ಅದನ್ನು ಪರ್ಸಿಗೆ ಹಾಕಿಕೊಂಡು, "ನಿಮ್ಮ ಜಾಗಾದಾಗ ನಾನಿದ್ರ ಹೇಳ್ತಿದ್ದಿಲ್ರಿ ಅಕ್ಕಾರ. ನನಗ ಅಷ್ಟು ಧೈರ್ಯ ಇಲ್ಲ" ಅಂದಳು.

ವೈಜಾಪುರ ದಾಟುವ ತನಕ ನಾನು ಖುಷಿಯಾಗಿದ್ದೆ. ಒಂದರಲ್ಲಾದರೂ ಅವಳಿಗಿಂತ ಮೇಲಾದೆನಲ್ಲ! ಯೇವಲಾದ ನವಿಲುಗಳು ಮತ್ತೆ ಕಂಡಾಗ ಹೊಳೆಯಿತು. ಕಡಲೆಕಾಳಿನಷ್ಟು ಜಾಗದಲ್ಲಿ ಸುಳ್ಳು ಹಾಕಲಾರದೆ ಖಾಲಿ ಬಿಟ್ಟವಳು, ನನ್ನ ಜಾಗದಲ್ಲಿದ್ದರೆ ಹೇಳದೇ ಇರುತ್ತಿದ್ದಳೇ? ಒಂದೇ ದಿನದಲ್ಲಿ ನನ್ನ ಸಲುವಾಗಿ ಎರಡು ಸುಳ್ಳು ಹೇಳಿದ್ದಳು, ಪ್ರೆಸ್ ದೂರ ಅಂತ ಒಂದು, ಧೈರ್ಯ ಇಲ್ಲ ಅಂತ ಇನ್ನೊಂದು. ಹೊಟ್ಟೆಯೊಳಗೆ ಮತ್ತೆ ಅದೇ ಕಿಚ್ಚು.