ಓಲ್ಶಿಂಕಿ ಕಾಡಿನ ಬೀಗದ ಕೈ

ವಿತೋಲ್ದ್ ಜೀವಮಾನದಲ್ಲಿ ತಾನಾಗಿಯೇ ಪೊರಕೆ ಹಿಡಿದದ್ದು ಒಂದೇ ಸಲ. ಆ ಒಂದು ಸಲವೂ ಗುಡಿಸಬಾರದ್ದನ್ನು ಗುಡಿಸಿದ.

ಮಾರನೆಯ ದಿನ ಸರ್ವಸಂತರ ಹಬ್ಬ. ಊರಿಗೆ ಊರೇ ಬಕೆಟ್ಟು, ಬ್ರಶ್ಶು ಹಿಡಿದು ಹಿರಿಯರ ಸಮಾಧಿಗಳನ್ನು ತಿಕ್ಕಿ ತೊಳೆಯುತ್ತಿತ್ತು. ವಿತೋಲ್ದ್ ಪುರಸಭೆಯ ಗುಮಾಸ್ತ; ಪುರಸಭೆಯ ಪತ್ರಿಕೆಗೆ ತಿಂಗಳಿಗೊಂದು ನಗೆಬರಹ ಬರೆದು, ಅದನ್ನು ಓದಿ ತಾನೊಬ್ಬನೇ ನಗುವವನು. ಓಲ್ಶಿಂಕಿ ಕಾಡಿನ ಸ್ಮಾರಕಕ್ಕೆ ಬಂದದ್ದು ಕಚೇರಿಯ ಕಾಗದವೊಂದನ್ನು ಕೊಡಲಿಕ್ಕೆ. ಗೇಟು ತೆರೆದಿತ್ತು, ಪೊರಕೆ ಒರಗಿಸಿತ್ತು, ಸ್ಮಾರಕದ ಕಲ್ಲಿನ ಮೇಲೆ ನೂರಾರು ಹರಳುಕಲ್ಲುಗಳು ಬಿದ್ದಿದ್ದವು. ಪುಂಡ ಹುಡುಗರ ಕೆಲಸವೆಂದುಕೊಂಡು ಎಲ್ಲವನ್ನೂ ಬಕೆಟ್ಟಿಗೆ ಗುಡಿಸಿದ. ಹಬ್ಬಕ್ಕೆಂದು ತಾನು ತಂದಿದ್ದ ಸೇವಂತಿಗೆಯ ಕುಂಡವನ್ನು ನಡುಮಧ್ಯೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ತನ್ನನ್ನು ತಾನೇ ಮೆಚ್ಚಿಕೊಂಡ.

"ಚೆನ್ನಾಗಿ ಕದ್ದೆ ಬಿಡು," ಎಂದಿತು ಬೆನ್ನ ಹಿಂದೆ ಒಂದು ದನಿ.

ಸ್ಮಾರಕದ ಪಕ್ಕದ ಮನೆಯ ಅಪೊಲೋನಿಯಾ. ಸ್ಮಾರಕದ ಬೀಗದ ಕೈ ಆಕೆಯದೇ.

"ಕದಿಯೋದೇನು ಅಪೊಲೋನಿಯಾಮ್ಮ, ಕಸ ಗುಡಿಸ್ದೆ!"

"ಕಸ ಅಲ್ಲ ಕಣಯ್ಯ. ಯೆಹೂದ್ಯರು ಸಮಾಧಿಗೆ ಹೂವಿಡಲ್ಲ, ಕಲ್ಲಿಡ್ತಾರೆ. ಬಂದಿದ್ದೆ, ಮರೆತಿಲ್ಲ ಅಂತ. ಐವತ್ಮೂರು ವರ್ಷ ಈ ಊರಿನ ಬ್ರೆಡ್ ತಿಂದಿದೀಯ, ಪೇಪರ್‌ನಲ್ಲಿ ಬೇರೆ ಬರೀತೀಯ!"

"ಯಾವುದು ಎಲ್ಲಿತ್ತೋ ಈಗ..."

"ಗುಡಿಸೋವಾಗ ಕೇಳ್ಲಿಲ್ಲವಲ್ಲ. ಇಡು."

ವಿತೋಲ್ದ್ ಮಂಡಿಯೂರಿ ಒಂದೊಂದೇ ಹರಳನ್ನು ಇಡತೊಡಗಿದ.

ಅಪೊಲೋನಿಯಾಗೆ ಎಪ್ಪತ್ನಾಲ್ಕು. ಮೂವತ್ತೊಂದು ವರ್ಷ ಡೇರಿಯಲ್ಲಿ ಹಾಲು ಅಳೆದವಳು. ನೀರು ಬೆರೆಸಿದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದಳು. ಯುದ್ಧದ ಕಾಲದಲ್ಲಿ ಜರ್ಮನರು ಊರಿನ ನಾನೂರಕ್ಕೂ ಹೆಚ್ಚು ಯೆಹೂದ್ಯರನ್ನು ಇಲ್ಲಿಗೆ ನಡೆಸಿಕೊಂಡು ಬಂದು ಗುಂಡಿಟ್ಟು ಕೊಂದರು. ಯುದ್ಧ ಮುಗಿದ ಮೇಲೆ ಆ ಮಣ್ಣಿನ ಮೇಲೆ ದನ ಮೇಯುವುದನ್ನು ನೋಡಲಾರದೆ ಆಕೆಯ ಅಪ್ಪ ಬೇಲಿ ಕಟ್ಟಿ, ತನ್ನ ದುಡ್ಡಿನಲ್ಲೇ ಕಬ್ಬಿಣದ ಗೇಟು ನಿಲ್ಲಿಸಿದ. ಸ್ಮಾರಕದ ಕಲ್ಲು ಬಂದದ್ದು ಎಷ್ಟೋ ವರ್ಷದ ಮೇಲೆ. ಬೀಗದ ಕೈ ಮಾತ್ರ ಅಂದಿನಿಂದ ಇಂದಿನವರೆಗೆ ಅವರ ಅಡುಗೆಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಸಂಬಳವಿಲ್ಲ, ನೇಮಕದ ಪತ್ರವಿಲ್ಲ.

ಒಬ್ಬೊಬ್ಬರಾಗಿ ಬಸ್ಸಿಳಿದು ನಡೆದು ಬಂದವರು ಆಕೆಯ ಕದ ತಟ್ಟುವರು. ಹೆಸರು, ದೇಶ ಆಕೆ ಕೇಳಳು. ಯೆಹೂದ್ಯ ಗಂಡಸರು ಸಮಾಧಿಯೆದುರು ತಲೆ ಮುಚ್ಚಬೇಕೆಂದು, ಬರಿತಲೆಯಲ್ಲಿ ಬಂದವನಿಗೆ ತನ್ನ ಸತ್ತ ಗಂಡನ ಟೋಪಿ ಕೊಡುವಳು. ಬೀಗ ತೆಗೆದು ತಾನು ಹೊರಗೇ ನಿಲ್ಲುವಳು. "ತಮ್ಮೋರ ಹತ್ರ ಅವರು ಮಾತಾಡ್ಕೊಳ್ಳಲಿ, ಮಧ್ಯೆ ನನ್ನ ಭಾಷಣ ಯಾಕೆ?" ಎನ್ನುವಳು. ಫೋಟೋಗೆಂದು ಕಲ್ಲು ಹತ್ತಿದವನೊಬ್ಬನನ್ನು ಹುಲ್ಲು ಬಾಚುವ ಕುಂಟೆ ಹಿಡಿದು ಬಸ್‌ಸ್ಟಾಪಿನ ತನಕ ಬೀಳ್ಕೊಟ್ಟಿದ್ದಳು. ಅತ್ತು ಬಂದವರಿಗೆ ಒಂದು ಲೋಟ ಚಹಾ, ಒಂದು ತುಂಡು ಕೇಕು. ಸಮಾಧಾನದ ಮಾತು ಇಲ್ಲ.

"ಜೇಬಲ್ಲೇನೋ ಕಾಗದ ಕಾಣ್ತಿದೆಯಲ್ಲ, ಓದು," ಎಂದಳು.

ಮಂಡಿಯೂರಿಕೊಂಡೇ ವಿತೋಲ್ದ್ ಓದಿದ: "ಈ ಆದೇಶ ತಲುಪಿದ ಕ್ಷಣದಿಂದ ಗುಂಪುಗಳಿಗೆ ಮಾತ್ರ ಪ್ರವೇಶ. ಮುಂಗಡ ಬುಕಿಂಗ್ ಹಾಗೂ ಪುರಸಭೆಯ ಗೈಡ್ ಕಡ್ಡಾಯ. ಬೀಗದ ಕೈಯನ್ನು ಕಚೇರಿಗೆ ಒಪ್ಪಿಸತಕ್ಕದ್ದು."

"ಒಂಟಿಯಾಗಿ ಬಂದೋರು?"

"ವಾಪಸ್ ಹೋಗ್ಬೇಕು. ನನ್ನ ಮೇಲೆ ರೇಗ್ಬೇಡಿ, ನಾನು ತಂದುಕೊಡೋನು ಅಷ್ಟೇ."

"ಇಲ್ಲಿಗೆ ಗುಂಪಾಗಿ ಕರ್ಕೊಂಡ್ ಬಂದಿದ್ದು ಒಂದ್ ಸಲ ಸಾಕು ಕಣೋ. ಇನ್ಮೇಲೆ ಬರೋರು ಒಬ್ಬೊಬ್ಬರಾಗೇ ಬರ್ಲಿ, ಅವರ ಕಾಲ ಮೇಲೆ ಅವರೇ ನಡ್ಕೊಂಡು."

ವಿತೋಲ್ದ್ ಬಕೆಟ್ಟಿನಿಂದ ಇನ್ನೊಂದು ಹರಳು ತೆಗೆದುಕೊಂಡ. ಅಷ್ಟರಲ್ಲಿ ಹತ್ತರ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಗೇಟಿನ ಹತ್ತಿರ ಬಂದು ನಿಂತಳು. ಅರವತ್ತು ದಾಟಿದವಳು, ಹೆಗಲಿಗೊಂದು ಚೀಲ, ತಡವರಿಸುವ ಪೋಲಿಷ್.

"ನಮ್ಮಜ್ಜಿಯ ತಮ್ಮಂದಿರು ಇಲ್ಲಿದ್ದಾರೆ. ಒಬ್ಬಳೇ ಬಂದಿದೀನಿ. ಒಳಗೆ ಬರಬಹುದಾ?"

ಅಪೊಲೋನಿಯಾ ವಿತೋಲ್ದನನ್ನು ನೋಡಿದಳು. ಅವನ ಒಂದು ಕೈಯಲ್ಲಿ ಆದೇಶ, ಇನ್ನೊಂದರಲ್ಲಿ ಹರಳು. ಆದೇಶವನ್ನು ಮಡಚಿ ಜೇಬಿಗಿಟ್ಟ.

"ಬನ್ನಿ," ಎಂದ.

ಆಕೆ ಒಳಗೆ ಬಂದು, ಅವನು ಹರಳು ಇಡುವುದನ್ನು ಕಂಡು ಮೆಲ್ಲಗೆ ಕೇಳಿದಳು: "ನಿಮ್ಮೋರೂ ಇಲ್ಲಿದ್ದಾರಾ?"

ಇಲ್ಲ ಎನ್ನಲು ಬಾಯಿ ತೆರೆದವನು, "ನಮ್ಮೂರೋರು," ಎಂದ.

ಆಕೆ ತಲೆಯಾಡಿಸಿ, ಚೀಲದಿಂದ ತನ್ನದೊಂದು ಕಲ್ಲು ತೆಗೆದಿಟ್ಟಳು. ವಿತೋಲ್ದ್ ಬಕೆಟ್ಟೆತ್ತಿಕೊಂಡು ಗೇಟಿನಾಚೆ ಹೋಗಿ ನಿಂತ. ಆಕೆ ಹೊರಟ ಮೇಲೆಯೇ ಉಳಿದ ಹರಳುಗಳನ್ನು ಇಟ್ಟದ್ದು, ಮುಗಿಯುವಾಗ ಮಧ್ಯಾಹ್ನವಾಗಿತ್ತು.

ಆಗ ಅಪೊಲೋನಿಯಾ, ಯಾರೂ ನಿರೀಕ್ಷಿಸದಂತೆ, ಕಾಗದಕ್ಕೆ ಸಹಿ ಹಾಕಿ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. ವಿತೋಲ್ದನ ಮುಖ ಬಾಡಿತು.

"ಹೊಡೆದಾಡ್ತೀರಿ ಅಂದ್ಕೊಂಡಿದ್ದೆ," ಎಂದ.

"ಕೇಳಿದ್ದು ಕೊಟ್ಟೆ. ಈಗ ಕೋಟು ಬಿಚ್ಚಿ ಈ ಕಡೆ ಬಾ, ಒಂದು ಕೆಲಸ ಇದೆ."

ಮರುದಿನ ಬೆಳಿಗ್ಗೆ ಪುರಸಭೆಯ ಕಾರ್ಯದರ್ಶಿ ರೊಮುಆಲ್ದ್ ಆ ಬೀಗದ ಕೈ ಹಿಡಿದು ಕಾರಿನಲ್ಲಿ ಬಂದ. ಜೊತೆಗಿದ್ದ ವಿತೋಲ್ದ್ ಸೊಂಟ ಹಿಡಿದುಕೊಂಡೇ ಕೆಳಗಿಳಿದ. ಕಬ್ಬಿಣದ ಗೇಟು ಒಬ್ಬರೇ ಎತ್ತುವಂಥದ್ದಲ್ಲ. ಬೇಲಿಯ ನಡುವೆ ಎರಡು ಕಂಬಗಳು ಮಾತ್ರ ನಿಂತಿದ್ದವು. ಅವುಗಳ ನಡುವಿನಿಂದ ಒಬ್ಬ ಮುದುಕ ಟೋಪಿ ಸರಿಪಡಿಸಿಕೊಳ್ಳುತ್ತ ತನ್ನಷ್ಟಕ್ಕೆ ಒಳಗೆ ಹೋಗುತ್ತಿದ್ದ.

ಕಾರ್ಯದರ್ಶಿ ಕೈಯಲ್ಲಿದ್ದ ಬೀಗದ ಕೈಯನ್ನೊಮ್ಮೆ, ಕಂಬಗಳನ್ನೊಮ್ಮೆ ನೋಡಿ, ಬೇಲಿಯ ಪಕ್ಕ ನಿಂತಿದ್ದ ಅಪೊಲೋನಿಯಾ ಕಡೆ ತಿರುಗಿದ.

"ಏನಮ್ಮಾ ಇದು? ಗೇಟ್ ಎಲ್ಲಿ?"

"ನಮ್ಮಪ್ಪನ ಗೇಟಲ್ವಾ, ನಮ್ಮ ಕೊಟ್ಟಿಗೇಲಿದೆ ಸಾಹೇಬ್ರೆ," ಎಂದಳು ಅಪೊಲೋನಿಯಾ. "ನೋಡ್ಬೇಕು ಅಂದ್ರೆ ಗುಂಪಾಗಿ ಬನ್ನಿ. ಮೊದ್ಲೇ ಬುಕ್ ಮಾಡಿ."