ಸೊಲ್ಪ ತ್ರಾಸ

ಎಂಬತ್ತರ ದಶಕದಲ್ಲಿ, ಅಥಣಿಯ ಒಂದು ಸಣ್ಣ ಆಸ್ಪತ್ರೆಗೆ ಹೊಸದಾಗಿ ಸೇರಿದ ನಮ್ಮಂಥ ಡಾಕ್ಟರುಗಳಿಗೆ ನೋವಿನ ಪಾಠ ಹೇಳಲು ಅಲ್ಲಿನ ಹಿರಿಯ ಡಾಕ್ಟರು ತಾವೇ ರೋಗಿಯಾಗುತ್ತಿದ್ದರು. ಮಧ್ಯಾಹ್ನ ಮಂದಿ ಕರಗಿದ ಮೇಲೆ ಕನ್ನಡಕ ತೆಗೆದಿಟ್ಟು, ತಲೆಗೆ ಟವೆಲ್ ಸುತ್ತಿ, ಸತ್ತಿ ಹಳ್ಳಿಯಿಂದ ಬಂದ ರೈತನ ಹಾಗೆ ಬೆಂಚಿನ ತುದಿಗೆ ಕೂರುವರು. ಎಷ್ಟು ನೋವಿದೆ ಎಂದು ಕೇಳಿದರೆ ಒಂದೇ ಉತ್ತರ: "ಸೊಲ್ಪ ತ್ರಾಸ ಐತ್ರಿ."

ನಾವು ಅದನ್ನೇ ನಂಬಿ ಪ್ಯಾರಾಸಿಟಮಾಲ್ ಗುಳಿಗೆ ಬರೆದರೆ ಟವೆಲ್ ಕಿತ್ತೆಸೆದು ಸಿಡುಕುವರು: "ನಮ್ಮ ಮಂದಿ ಜೀವ ಹೋಗಾಕತ್ತಿದ್ರೂ ಸೊಲ್ಪ ಅಂತಾರ. ಎಷ್ಟ ಅಂತ ಕೇಳಬ್ಯಾಡ್ರಿ. ರಾತ್ರಿ ಹೆಂಗ ಮಲಗ್ತಿ ಅಂತ ಕೇಳ್ರಿ."

ಕೆಲವು ವರ್ಷಗಳ ಬಳಿಕ ಅವರ ಬೆನ್ನುಮೂಳೆಗೇ ಕ್ಯಾನ್ಸರ್ ಇಳಿಯಿತು. ನೋಡಲು ಹೋದಾಗ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಹೇಗಿದ್ದೀರಿ ಎಂದೆವು.

"ಸೊಲ್ಪ ತ್ರಾಸ ಐತ್ರಿ."

ಯಾರೂ ನಗಲಿಲ್ಲ.

"ರಾತ್ರಿ ಹೆಂಗ ಮಲಗ್ತೀರಿ, ಸರ?" ಎಂದೆ.

"ಮಲಗೂದಿಲ್ಲ. ಹಿಂಗ ಕೂತಿರ್ತೀನಿ." ತಲೆಯೆತ್ತಿ ನನ್ನನ್ನು ನೋಡಿದರು. "ಬರೋಬ್ಬರಿ ಕೇಳಿದಿ ನೋಡು."

ಆ ನೋವಿಗೆ ಬೇಕಿದ್ದದ್ದು ಮಾರ್ಫಿನ್. ಚಿಕ್ಕೋಡಿ, ನಿಪ್ಪಾಣಿ ಎಲ್ಲ ತಿರುಗಿದೆವು; ಕಾನೂನು ಬಿಗಿಯಾಗಿ ಅಂಗಡಿಯವರು ಅದನ್ನು ಇಡುವುದನ್ನೇ ಬಿಟ್ಟಿದ್ದರು, ಎಲ್ಲೂ ಸಿಗಲಿಲ್ಲ. ಮರುದಿನ ಸಂಜೆ ಅದೇ ಪ್ಯಾರಾಸಿಟಮಾಲ್ ಗುಳಿಗೆಯನ್ನು ಅವರ ಮುಂದೆ ಹಿಡಿದೆ.

ಅವರು ಸಿಡುಕಲಿಲ್ಲ. ಕೈಚಾಚಿ ಇಸಿದುಕೊಂಡು ನುಂಗಿದರು.