ಬೇಲಿಯಾಚೆ ಎಸೆದ ಕೋಳಿಗಳು

ಮೊನ್ನೆ ನೆಂಟರ ಮನೆಯಲ್ಲಿ ಕೋಳಿಗೂಡಿನ ಬಾಗಿಲು ತೆಗೆದಾಗ ಹಸಿ ಹಿಕ್ಕೆಯ ನಾತ ಮುಖಕ್ಕೆ ರಾಚಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ... ಆಚೆಮನೆ ಅತ್ತೆ ನೆನಪಾದರು.

ಮಲವಗೊಪ್ಪದಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಇದ್ದದ್ದು ಒಂದು ಕಳ್ಳಿಬೇಲಿ. ಅತ್ತೆ ಎಂದರೆ ನೆಂಟರಲ್ಲ, ಹಾಗೆ ಕರೆಯುತ್ತಿದ್ದೆ ಅಷ್ಟೆ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಏಳೆಂಟು ಆಡು, ಒಂದು ಹೋತ, ಒಂದಿಷ್ಟು ಕೋಳಿ, ಇವೇ ಅವರ ಬದುಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆಗಿನ್ನೂ ಹೊಸದು. ಅಲ್ಲಿನ ಕೆಲಸಗಾರರ ಮನೆಗಳಿಗೆ ಬುಟ್ಟಿಯಲ್ಲಿ ಮೊಟ್ಟೆ ಹೊತ್ತು ನಡೆದೇ ಹೋಗಿಬರುತ್ತಿದ್ದರು.

ಅವರ ಮೈಯೆಲ್ಲ ಹೋತದ ನಾತ. ಒಮ್ಮೆ ಆಗಷ್ಟೇ ಹುಟ್ಟಿದ ಮರಿ ಉಸಿರಾಡದೆ ಬಿದ್ದಿತ್ತು. ಅತ್ತೆ ಅದರ ಮೂಗಿಗೆ ಬಾಯಿಟ್ಟು ಲೋಳೆ ಹೀರಿ ಹೀರಿ ಉಗಿದರು. ಮರಿ ಕೆಮ್ಮಿ ಎದ್ದಿತು. ನಾನು ಬೇಲಿಯ ಬಳಿ ವಾಂತಿ ಮಾಡಿಕೊಂಡೆ. ಅಂದಿನಿಂದ ಅವರು ಕೊಟ್ಟ ಹಾಲನ್ನು ಮುಟ್ಟಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ನಮ್ಮ ಕೋಳಿಗಳಿಗೆ ರೋಗ ಬಂತು. ಕತ್ತು ತಿರುಚಿಕೊಂಡು, ಹಸಿರಾಗಿ ಹೇತುಕೊಂಡು ಕಂಡಕಂಡಲ್ಲಿ ಬಿದ್ದವು. ನಮ್ಮ ಮನೆಯ ಯಜಮಾನರು ದೊಡ್ಡಪ್ಪ. ಇನ್ನೂ ಉಸಿರಿದ್ದ ನಾಲ್ಕನ್ನು ಕೊಯ್ಯಿಸಿ, ಹೆಂಚು ಹೊದಿಸಲು ಬಂದಿದ್ದ ಆಳುಗಳಿಗೆ ಸಾರು ಮಾಡಿಸಿದರು. ನಮಗೆ ಬೇರೆ ಅಡುಗೆ. ಎಲೆ ಹಾಕುವ ಹೊತ್ತಿಗೆ ಅತ್ತೆ ಬಂದರು.

"ಅಣ್ಣಾ, ರೋಗದ ಕೋಳೀನ ಜನಕ್ಕೆ ಬಡಿಸ್ತೀರಾ? ಗುಂಡಿ ತೋಡಿ ಹೂಳಿ ಮಾರಾಯ್ರೆ!"

"ಬೆಂದ್ಮೇಲೆ ಎಂಥ ರೋಗ? ನಿನ್ನ ಹೋತದ ನಾತ ತಡ್ಕೊಂಡಿದೀವಿ, ಸುಮ್ನೆ ಹೋಗು," ಎಂದರು ದೊಡ್ಡಪ್ಪ.

ಆಳುಗಳು ಎಲೆ ಬಿಟ್ಟು ಎದ್ದರು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

ಮರುದಿನ ಬೆಳಗ್ಗೆ ಹಿತ್ತಲಿಗೆ ಹೋದರೆ, ದೊಡ್ಡಪ್ಪ ಸತ್ತ ಕೋಳಿಗಳ ಕಾಲು ಹಿಡಿದು ಒಂದೊಂದಾಗಿ ಬೇಲಿಯಾಚೆ ಎಸೆಯುತ್ತಿದ್ದರು. ನನ್ನನ್ನು ಕಂಡು ಕೈಯನ್ನು ಪಂಚೆಗೆ ಒರೆಸಿಕೊಂಡರು. ಅದೇ ಕೈಯಿಂದ ನನ್ನ ತಲೆ ಸವರಿ ಒಳಗೆ ಹೋದರು. ಆಚೆ ಅತ್ತೆ ನಿಂತು ನೋಡುತ್ತಿದ್ದರು.

ವಾರದೊಳಗೆ ಊರಿನ ಕೋಳಿಗಳೆಲ್ಲ ಸಾಯತೊಡಗಿದವು. ಹಿರಿಯರು ಸೇರಿದರು. ದೊಡ್ಡಪ್ಪ ಅತ್ತೆಯ ಹಿತ್ತಲಲ್ಲಿ ಹೊಸ ಮಣ್ಣು ಮುಚ್ಚಿದ್ದ ಗುಂಡಿಯನ್ನು ಅಗೆಸಿದರು. ಹುಳು ಬಿದ್ದ ಕೋಳಿಗಳು ಮೇಲೆ ಬಂದವು.

"ನೋಡ್ರಪ್ಪಾ, ರೋಗ ಎದ್ದಿದ್ದೇ ಇಲ್ಲಿಂದ."

"ಇವು ನನ್ನವಲ್ಲ. ಬೇಲಿ ಮೇಲಿಂದ ಬಿದ್ವು, ನಾನು ಹೂತೆ," ಎಂದ ಅತ್ತೆ ನನ್ನ ಕಡೆ ತಿರುಗಿದರು. "ಪುಟ್ಟಿ, ನೀನು ಅಲ್ಲೇ ಇದ್ದೆಯಲ್ಲ, ಹೇಳವ್ವಾ."

ದೊಡ್ಡಪ್ಪನ ಪಂಚೆ ಹಿಡಿದುಕೊಂಡು ಹೇಳಿದೆ: "ನಾನು ನೋಡಿಲ್ಲ."

ಅತ್ತೆ ಊರು ಬಿಡಬೇಕೆಂದು ಹಿರಿಯರು ತೀರ್ಮಾನ ಹೇಳಿದರು. ಅಂದೇ ಮಧ್ಯಾಹ್ನ ಅತ್ತೆ, ನಡೆಯಲಾರದ ಮರಿಯೊಂದನ್ನು ಹೆಗಲಿಗೇರಿಸಿಕೊಂಡು, ಆಡುಗಳನ್ನು ಹೊಡೆದುಕೊಂಡು ಹೊಳೆಹೊನ್ನೂರಿನ ತಮ್ಮನ ಮನೆಗೆ ಹೊರಟರು.

ದೊಡ್ಡಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ನಿಜ ಹೇಳಿದೆ. ಸೌತೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ನಾನೂ ನೋಡಿದ್ದೆ ಕಣೆ," ಎಂದಳು.

ಹೊಳೆಹೊನ್ನೂರು ದೂರವೇನಲ್ಲ. ಅತ್ತೆ ಅಲ್ಲಿ ಬಹಳ ವರ್ಷ ಬದುಕಿದ್ದರಂತೆ. ನಾನು ಹೋಗಲಿಲ್ಲ. ತೀರಿಕೊಂಡರೆಂದು ಯಾರೋ ಹೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಇನ್ನು ಅವರ ಮುಖ ನೋಡಬೇಕಾಗಿಲ್ಲವೆಂಬ ಸಮಾಧಾನ... ಈಗ ಕ್ಷಮೆ ಕೇಳೋಣವೆಂದರೆ ಅವರಿಲ್ಲ. ಆ ಸಮಾಧಾನವನ್ನು ನೆನೆದರೆ ಈ ಮುದಿವಯಸ್ಸಿನಲ್ಲೂ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.